ತೋಡದೆ ಬಿಟ್ಟ ಗುಳಿ

ಹೋದ ತಿಂಗಳು ನನಗೆ ಚಾಳೀಸು ಬಂತು. ನಲವತ್ತಮೂರಕ್ಕೆ ಚಾಳೀಸು ಬರುವುದು ದೊಡ್ಡ ಸುದ್ದಿಯೇನಲ್ಲ, ಎಲ್ಲರಿಗೂ ಬರುತ್ತದೆ. ಆದರೆ ಕನ್ನಡಕದ ಅಂಗಡಿಯಲ್ಲಿ ಅದನ್ನು ಏರಿಸಿ, ಅವರು ಕೊಟ್ಟ ಕಾರ್ಡನ್ನು ಮೂಗಿನ ಹತ್ತಿರ ಹಿಡಿದು ಓದಿದಾಗ ನನಗೆ ನಗು ಬಂತು. ಅಂಗಡಿಯ ಹುಡುಗ "ಎಂತ ಸಾರ್?" ಅಂದ. ಅವನಿಗೆ ಏನು ಹೇಳುವುದು? ಒಂಬತ್ತನೇ ವಯಸ್ಸಿನಿಂದ ಏಳು ಕನ್ನಡಕ ಹಾಕಿದ್ದೇನೆ, ನಿಜವಾಗಿ ಉಪಯೋಗಕ್ಕೆ ಬಂದದ್ದು ಇದೊಂದೇ ಅಂದರೆ ನಂಬುತ್ತಿದ್ದನಾ?

ಯಾರಾದರೂ ಕೇಳಿದರೆ ನಾನು "ಸ್ವಲ್ಪ ದೃಷ್ಟಿ ಕಮ್ಮಿ" ಅಂತ ಹೇಳಿ ಮುಗಿಸಿಬಿಡುತ್ತೇನೆ. ಕೇಳಿದವರು ಕೂಡಲೇ "ಒಳ್ಳೆಯ ಡಾಕ್ಟರಿಗೆ ತೋರಿಸಿ ಕನ್ನಡಕ ಹಾಕಬಾರದಾ" ಅನ್ನುತ್ತಾರೆ. ಅವರ ತಪ್ಪಲ್ಲ. ಮೂವತ್ತು ವರ್ಷ ನಾನೂ ಹಾಗೆಯೇ ತಿಳಿದಿದ್ದೆ. ಸರಿಯಾದ ಕನ್ನಡಕ ಎಲ್ಲೋ ಒಂದು ಅಂಗಡಿಯಲ್ಲಿ ಉಂಟು, ನಮಗಿನ್ನೂ ಸಿಕ್ಕಿಲ್ಲ, ಅಷ್ಟೇ ಅಂತ.

ನಾನು ಓದಿದ್ದು ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ಒಂದು ಕನ್ನಡ ಶಾಲೆಯಲ್ಲಿ. 1991ರಲ್ಲಿ, ಮೂರನೇ ಕ್ಲಾಸಿನಲ್ಲಿರುವಾಗ, ಶಾಲೆಗೆ ಕಣ್ಣು ಪರೀಕ್ಷೆಗೆ ಅಂತ ಬಂದರು. ಗೋಡೆಗೆ ಅಕ್ಷರದ ಚಾರ್ಟು ನೇತುಹಾಕಿದರು. ಮೇಲೆ ದೊಡ್ಡ ಅಕ್ಷರ, ಕೆಳಗೆ ಹೋದ ಹಾಗೆ ಸಣ್ಣದು. ನಾವೆಲ್ಲ ಸಾಲಿನಲ್ಲಿ ನಿಂತೆವು. ನನ್ನ ಮುಂದೆ ಹದಿನೈದು ಮಕ್ಕಳು, ಎಲ್ಲರೂ ಗಟ್ಟಿಯಾಗಿ ಓದುತ್ತಿದ್ದರು. ನನ್ನ ಸರದಿ ಬರುವಾಗ ಚಾರ್ಟು ಪೂರ್ತಿ ಬಾಯಿಪಾಠ ಆಗಿತ್ತು. ಮಗ್ಗಿ ಒಪ್ಪಿಸುವ ಹಾಗೆ ಕೊನೆಯ ಸಾಲಿನವರೆಗೂ ಹೇಳಿದೆ. ಪರೀಕ್ಷೆ ಮಾಡಿದವರು ತಲೆ ಸವರಿ "ಕಣ್ಣು ಫಸ್ಟ್ ಕ್ಲಾಸ್" ಅಂತ ಬರೆದುಕೊಂಡರು. ಮೋಸ ಮಾಡಬೇಕು ಅಂತ ಮಾಡಿದ್ದಲ್ಲ. ಪರೀಕ್ಷೆ ಅಂದರೆ ತಪ್ಪಿಲ್ಲದೆ ಹೇಳಬೇಕು, ಅಷ್ಟೇ ನನಗೆ ಗೊತ್ತಿದ್ದದ್ದು.

ಎರಡು ತಿಂಗಳಾದ ಮೇಲೆ ಬೋರ್ಡಿನಿಂದ ಬರೆದುಕೊಳ್ಳುವುದಿಲ್ಲ ಅಂತ ಮನೆಗೆ ದೂರು ಹೋಯಿತು. ಅಪ್ಪ ಪೇಟೆಗೆ ಕರೆದುಕೊಂಡು ಹೋಗಿ ಕನ್ನಡಕ ಹಾಕಿಸಿದರು. ಅದರ ಪವರ್ ತೀರಾ ಸಣ್ಣದು, ಇಲ್ಲದಿದ್ದರೂ ನಡೆಯುತ್ತಿತ್ತು. ಹಾಕಿಕೊಂಡು ಬಂದ ದಿನ ಮನೆಯವರೆಲ್ಲ ಅಂಗಳದಲ್ಲಿ ಸುತ್ತ ನಿಂತು "ಈಗ ಕಾಣ್ತದಾ? ಈಗ?" ಅಂತ ಕೇಳಿದರು. ಕಾಣುತ್ತದೆ ಅಂದೆ. ಅಪ್ಪ ಅಡಿಕೆ ಮಾರಿದ ದುಡ್ಡು ಕೊಟ್ಟಿದ್ದರು, ಮತ್ತೇನು ಹೇಳುವುದು?

ಅಲ್ಲಿಂದ ಮೇಲೆ ಕಷ್ಟ ಜಾಸ್ತಿಯಾಯಿತು. ಕನ್ನಡಕ ಇಲ್ಲದಾಗ ಕಾಣದಿದ್ದರೆ ಪಾಪದ ಹುಡುಗ. ಕನ್ನಡಕ ಹಾಕಿಯೂ ಕಾಣದಿದ್ದರೆ ಗಮನ ಇಲ್ಲದವ, ಉದಾಸೀನದವ. "ನೋಡಿದರೆ ಕಾಣ್ತದೆ, ನೀನು ನೋಡುವುದಿಲ್ಲ" ಅನ್ನುವ ಮಾತನ್ನು ಎಷ್ಟು ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ.

ಪುಸ್ತಕವನ್ನು ಮುಖಕ್ಕೆ ನಾಲ್ಕು ಬೆರಳು ದೂರದಲ್ಲಿ ಹಿಡಿದು ಓದುತ್ತಿದ್ದೆ. "ಹೀಗೆ ಮೂಗಿಗೆ ಅಂಟಿಸಿದರೆ ಇರುವ ಕಣ್ಣೂ ಹಾಳಾಗ್ತದೆ" ಅಂತ ಅಮ್ಮ ಪುಸ್ತಕ ಕಿತ್ತು ದೂರ ಸರಿಸುತ್ತಿದ್ದಳು. ಕೆಲವು ಸಲ ಸೌಟಿನ ಏಟೂ ಬೀಳುತ್ತಿತ್ತು. ಹತ್ತಿರ ಹಿಡಿದು ಓದಿದರೆ ನನ್ನಂಥ ಕಣ್ಣಿಗೆ ಏನೂ ಹಾಳಾಗುವುದಿಲ್ಲ ಅಂತ ಈಗ ಗೊತ್ತು. ದೂರ ಅರ್ಧ ಮಾಡಿದರೆ ಅಕ್ಷರ ಕಣ್ಣಿಗೆ ಎರಡು ಪಾಲು ದೊಡ್ಡದಾಗುತ್ತದೆ. ಕಾಸು ಖರ್ಚಿಲ್ಲದ ಭೂತಗನ್ನಡಿ ಅದು. ಮಗುವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ತಾನಾಗಿಯೇ ಕಂಡುಕೊಳ್ಳುತ್ತದೆ.

ಕನ್ನಡದ ಅಕ್ಷರಗಳ ವಿಷಯ ಸ್ವಲ್ಪ ಹೇಳಲೇಬೇಕು. ನೀವು 'ಪ' ಮತ್ತು 'ಷ' ನೋಡಿ. ಹೊರಗಿನ ಆಕಾರ ಒಂದೇ, ಹೊಟ್ಟೆಯೊಳಗೆ ಒಂದು ಗೆರೆ ಉಂಟೋ ಇಲ್ಲವೋ ಅನ್ನುವುದರಲ್ಲಿ ಎಲ್ಲ ನಿಂತಿದೆ. 'ದ'ದ ಕೆಳಗೆ ಒಂದು ಸೀಳು ಬಿದ್ದರೆ 'ಧ'. ಒಳಗೆ ಚುಕ್ಕಿ ಇಟ್ಟರೆ 'ಥ'. ಇನ್ನು ಒತ್ತಕ್ಷರ ಅಂದರೆ ಇರುವೆ ಸಾಲು. ನನಗೆ ದೂರದಿಂದ ಕಾಣುವುದು ಅಕ್ಷರಗಳ ಹೊರಗಿನ ರೂಪ ಮಾತ್ರ. ಉಳಿದದ್ದು ಅಂದಾಜು. 'ಪುರು' ಅಂತ ಕಂಡರೆ ಮುಂದೆ ಬರುವುದು 'ಷ' ಇರಬೇಕು, ಮತ್ತೇನು ಬರಲು ಸಾಧ್ಯ? ಹೀಗೆ ಊಹೆ ಮಾಡಿ ಮಾಡಿ ನನ್ನ ಕನ್ನಡ ಗಟ್ಟಿಯಾಯಿತು. ಈಗ ಹೊಟ್ಟೆಪಾಡಿಗೆ ಬದಿಯಡ್ಕದಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದೇನೆ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಉತ್ತರಕ್ರಿಯೆಯ ಕಾರ್ಡು ಎಲ್ಲ ಟೈಪ್ ಮಾಡುತ್ತೇನೆ. ಕಂಪ್ಯೂಟರಿನಲ್ಲಿ ಅಕ್ಷರವನ್ನು ಇಡ್ಲಿಯಷ್ಟು ದೊಡ್ಡ ಮಾಡಿಕೊಂಡರೆ ನನ್ನ ಕಣ್ಣಿಗೆ ತಪ್ಪು ತಪ್ಪಿಸಿಕೊಳ್ಳುವುದಿಲ್ಲ. ನೆಟ್ಟಗೆ ಕಾಣುವವರು ಪ್ರೂಫ್ ನೋಡಿ ಬಿಟ್ಟದ್ದನ್ನು ನಾನು ಹಿಡಿದದ್ದುಂಟು. ಹೇಳಿಕೊಳ್ಳಬಾರದು, ಆದರೂ ಹೇಳಿಕೊಳ್ಳುತ್ತೇನೆ.

ಇನ್ನೊಂದು ಪರೀಕ್ಷೆಯ ಕತೆ. ಎಂಟನೇ ಕ್ಲಾಸು. ಬರೆಯುತ್ತಾ ಕೂತಿದ್ದೆ, ತಲೆ ಎಡಕ್ಕೆ ತಿರುಗಿತ್ತು. ಅದು ಯಾವಾಗಲೂ ತಿರುಗಿಯೇ ಇರುತ್ತದೆ. ಫೋಟೋ ಸ್ಟುಡಿಯೋದವರು ಕೂಡ ಪ್ರತಿ ಸಲ ಗಲ್ಲ ಹಿಡಿದು ನೇರ ಮಾಡುತ್ತಾರೆ, ಬಿಟ್ಟ ಕೂಡಲೇ ಅದು ತನ್ನ ಜಾಗಕ್ಕೆ ಹೋಗುತ್ತದೆ. ಪರೀಕ್ಷೆಯ ಹಾಲಿನಲ್ಲಿ ಹಾಗೆ ಕೂತರೆ ಪಕ್ಕದವನ ಪೇಪರು ನೋಡಿದ ಹಾಗೆ ಕಾಣುತ್ತದೆ, ಅಲ್ವಾ? ಒಬ್ಬ ಮಾಸ್ತರು ಬಂದು ಉತ್ತರಪತ್ರಿಕೆ ಎತ್ತಿಕೊಂಡರು. ಪಕ್ಕದವನ ಪೇಪರು ಎರಡು ಅಡಿ ದೂರ ಇತ್ತು. ನನಗೆ ಅದರಲ್ಲಿ ಅಕ್ಷರ ಇದೆಯೋ ಇಲ್ಲವೋ ಅನ್ನುವುದೇ ತಿಳಿಯುವಂತಿರಲಿಲ್ಲ. ಅರ್ಧ ಗಂಟೆ ಬೆಂಚಿನ ಮೇಲೆ ನಿಲ್ಲಿಸಿ ಆಮೇಲೆ ಪೇಪರು ವಾಪಸ್ ಕೊಟ್ಟರು. ಮೊನ್ನೆ ಒಂದು ಮದುವೆಯಲ್ಲಿ ಅವರು ಸಿಕ್ಕಿದಾಗ ನಾನೇ ಬಡಿಸಿದೆ. ಅವರಿಗೆ ಆ ದಿನ ನೆನಪಿಲ್ಲ. ನನಗೆ ಆ ಬೆಂಚಿನ ಆಣಿ ಕೂಡ ನೆನಪುಂಟು.

ತಲೆ ತಿರುಗಿಸುವುದಕ್ಕೆ ಕಾರಣ ಹೀಗೆ. ನನ್ನ ಕಣ್ಣುಗುಡ್ಡೆಗಳು ಒಂದು ಕಡೆ ನಿಲ್ಲುವುದಿಲ್ಲ, ಸಣ್ಣಗೆ ಅತ್ತಿತ್ತ ಅಲ್ಲಾಡುತ್ತಿರುತ್ತವೆ. ಇದಕ್ಕೆ ನಿಸ್ಟಾಗ್ಮಸ್ ಅನ್ನುತ್ತಾರೆ. ಮಗು ಹುಟ್ಟಿ ಎರಡು ಮೂರು ತಿಂಗಳಾಗುವಾಗ ಸಾಮಾನ್ಯವಾಗಿ ಶುರುವಾಗುತ್ತದೆ. ಕಣ್ಣನ್ನು ಯಾವುದೋ ಒಂದು ಓರೆಗೆ ತಂದರೆ ಅಲ್ಲಾಟ ಕಮ್ಮಿಯಾಗಿ ಸ್ವಲ್ಪ ಚೆನ್ನಾಗಿ ಕಾಣುತ್ತದೆ. ಆ ಓರೆ ಸಿಗಲಿ ಅಂತ ತಲೆ ತಾನಾಗಿ ತಿರುಗುತ್ತದೆ. ಹಾಗಾದರೆ ನಿಮಗೆ ಲೋಕವೆಲ್ಲ ಅಲ್ಲಾಡಿದ ಹಾಗೆ ಕಾಣ್ತದಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಎಳೆಯ ಮಗುವಾಗಿದ್ದಾಗಿನಿಂದ ಹೀಗೇ ಇರುವುದರಿಂದ ಮೆದುಳು ಅದನ್ನು ಲೆಕ್ಕ ಹಾಕಿ ಕಳೆದುಬಿಟ್ಟಿರುತ್ತದೆ. ಕನ್ನಡಿಯಲ್ಲಿ ನೋಡಿಕೊಂಡರೂ ನನಗೆ ನನ್ನ ಕಣ್ಣು ನಿಂತೇ ಕಾಣುತ್ತದೆ. ತಂಗಿಯ ಮಗಳು ಮೊಬೈಲಿನಲ್ಲಿ ಹತ್ತಿರದಿಂದ ತೆಗೆದ ವಿಡಿಯೋ ನೋಡಿದಾಗ ಮೊದಲ ಸಲ ಗೊತ್ತಾಯಿತು. ಮೂವತ್ತು ದಾಟಿದ ಮೇಲೆ ನನ್ನ ಕಣ್ಣು ಹೇಗಿದೆ ಅಂತ ನಾನು ನೋಡಿದ್ದು.

ಮದ್ದು ಎಷ್ಟು ಮಾಡಿದೆವು ಅಂತ ಕೇಳಬೇಡಿ. ಹೊನಗೊನ್ನೆ ಸೊಪ್ಪಿನ ಪಲ್ಯ ತಿಂದು ತಿಂದು ಅದರ ಹೆಸರು ಕೇಳಿದರೇ ಬಾಯಿ ಒಗರಾಗುತ್ತದೆ. ನಂದಿಬಟ್ಟಲು ಹೂ ಹಾಕಿಟ್ಟ ನೀರನ್ನು ಕಣ್ಣಿಗೆ ಬಿಟ್ಟಿದ್ದಾರೆ. ಅದನ್ನು ಮಾತ್ರ ದಯವಿಟ್ಟು ಯಾರೂ ಮಾಡಬೇಡಿ. ಅಜ್ಜಿ ಮೆಣಸು ಉಪ್ಪು ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದಳು. ದೃಷ್ಟಿ ಕಮ್ಮಿ ಇರುವವನಿಗೆ ಇನ್ನೂ ದೃಷ್ಟಿ ತೆಗೆಯುವುದಾ ಅಂತ ದೊಡ್ಡವನಾದ ಮೇಲೆ ತಮಾಷೆ ಮಾಡಿ ಬೈಸಿಕೊಂಡಿದ್ದೇನೆ.

ನಮ್ಮ ಕಡೆ ಇನ್ನೊಂದು ಮಾತು ಬಂದೇ ಬರುತ್ತದೆ. ಎಂಡೋಸಲ್ಫಾನ್. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ವಿಷ ಸುರಿದದ್ದು ನಿಂತದ್ದು 2000ದ ಹೊತ್ತಿಗೆ, ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹಾಕಿದ್ದು 2011ರಲ್ಲಿ. ಎಣ್ಮಕಜೆಯ ಕಡೆ ಅದು ಮಾಡಿದ ಹಾನಿಯನ್ನು ನಾವು ಹತ್ತಿರದಿಂದ ನೋಡಿದವರು. ಹಾಗಾಗಿ ಯಾವ ಮಗುವಿನಲ್ಲಿ ಏನು ಕಂಡರೂ ಮೊದಲು ಬಾಯಿಗೆ ಬರುವುದು ಅದೇ ಹೆಸರು. ನನ್ನ ಬಗ್ಗೆಯೂ ಎಷ್ಟೋ ಜನ ಹಾಗೆ ತೀರ್ಮಾನ ಮಾಡಿದ್ದಾರೆ. ನನ್ನ ಕಣ್ಣಿನ ಕಾರಣ ಬೇರೆ ಕಡೆ ಉಂಟು ಅಂತ ಡಾಕ್ಟರು ಹೇಳಿದ್ದಾರೆ. ಆ ಕುಟುಂಬಗಳ ಕಷ್ಟದ ಪಟ್ಟಿಗೆ ನನ್ನ ಹೆಸರು ಸೇರಿಸಿಕೊಳ್ಳಲು ನನಗೆ ಮನಸ್ಸು ಬರುವುದಿಲ್ಲ.

ಬಸ್ಸಿನ ವಿಷಯದಲ್ಲಿ ಮಾತ್ರ ಕಾಸರಗೋಡಿನ ಕನ್ನಡಿಗನಾಗಿ ಹುಟ್ಟಿದ್ದು ಲಾಭವೇ ಆಯಿತು. ಬೋರ್ಡು ಹೆಚ್ಚಾಗಿ ಮಲಯಾಳದಲ್ಲಿ. ಬಸ್‌ಸ್ಟ್ಯಾಂಡಿನಲ್ಲಿ ನಿಂತು "ಇದು ಎಲ್ಲಿಗೆ?" ಅಂತ ಕೇಳಿದರೆ ಯಾರೂ ವಿಚಿತ್ರವಾಗಿ ನೋಡುವುದಿಲ್ಲ, ಪಾಪ ಮಲಯಾಳ ಓದಲು ಬರುವುದಿಲ್ಲ ಅಂತ ತಿಳಿಯುತ್ತಾರೆ. ನನಗೆ ಮಲಯಾಳ ಓದಲು ಬರುತ್ತದೆ, ಬೋರ್ಡು ಕಾಣುವುದಿಲ್ಲ. ಎರಡರಲ್ಲಿ ಯಾವ ನೆಪ ಹಗುರವೋ ಅದನ್ನು ಇಟ್ಟುಕೊಂಡಿದ್ದೇನೆ. ಮೊದಲು ಬಸ್ಸುಗಳನ್ನು ಬಣ್ಣದಿಂದ ಗುರುತು ಹಿಡಿಯುತ್ತಿದ್ದೆ. ಹಸಿರು ಪಟ್ಟೆಯದ್ದು ಮುಳ್ಳೇರಿಯಕ್ಕೆ, ಹಳದಿ ಮೂತಿಯದ್ದು ಕುಂಬಳೆಗೆ, ಹೀಗೆ. 2018ರಲ್ಲಿ ಕೇರಳದಲ್ಲಿ ಒಂದೊಂದು ಬಗೆಯ ಖಾಸಗಿ ಬಸ್ಸಿಗೆ ಒಂದೇ ನಮೂನೆ ಬಣ್ಣ ಅಂತ ಮಾಡಿದರು. ನಮ್ಮ ಕಡೆಯ ಬಸ್ಸೆಲ್ಲ ನೀಲಿಯಾಯಿತು. ಯಾರಿಗೋ ಶಿಸ್ತು, ನನಗೆ ಕತ್ತಲೆ. ಈಗ ಹಾರನ್ನಿನ ರಾಗ ಮತ್ತು ಕಂಡಕ್ಟರನ ಗಂಟಲು ನಂಬಿಕೊಂಡಿದ್ದೇನೆ.

ಜನರ ವಿಷಯ ಇದಕ್ಕಿಂತ ಕಷ್ಟ. ಹದಿನೈದು ಅಡಿ ದೂರದಲ್ಲಿ ಮುಖ ಅಂದರೆ ನನಗೆ ಕಣ್ಣು ಮೂಗು ಅಷ್ಟಾಗಿ ಇಲ್ಲದ ಒಂದು ಗೋಧಿ ಬಣ್ಣದ ದುಂಡು. ಎದುರು ಬಂದವರು ನಕ್ಕರೆ ಕಾಣುವುದಿಲ್ಲ. ನಾನು ನಗದೆ ಹೋಗುತ್ತೇನೆ. ಆಮೇಲೆ ಮನೆಗೆ ಸುದ್ದಿ ಬರುತ್ತದೆ: ನಿಮ್ಮವನಿಗೆ ಅಂಗಡಿ ಇಟ್ಟ ಮೇಲೆ ಅಹಂಕಾರ ಬಂದಿದೆ. ಅದಕ್ಕೆ ಒಂದು ಉಪಾಯ ಮಾಡಿದೆ. ಎದುರು ಯಾರು ಬಂದರೂ ನಗುವುದು. ಗುರುತು ಇದ್ದವರೋ ಇಲ್ಲದವರೋ, ಪೊಲೀಸೋ, ಪಂಚಾಯತ್ ಮೆಂಬರೋ, ಒಂದು ನಗು. ಹೆಣ್ಣು ನೋಡಲು ಹೋದ ಮನೆಯಲ್ಲಿ ಕಿಟಕಿಯ ಪರದೆಗೂ ನಕ್ಕಿದ್ದೆ ಅಂತ ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಬೈಕು ಬಿಡುವುದಿಲ್ಲ ಅಂತ ಎರಡು ಸಂಬಂಧ ತಪ್ಪಿತ್ತು. ಇವಳ ಮನೆಯವರು ಅದನ್ನು ಒಳ್ಳೆಯ ಗುಣ ಅಂದುಕೊಂಡರು.

ಈಗ 2013ಕ್ಕೆ ಬರುತ್ತೇನೆ. ಅಮ್ಮನಿಗೆ ಕಣ್ಣಿನ ಪೊರೆ. ನಮಗೆ ಕಣ್ಣು, ಹಲ್ಲು, ಎದೆ ಏನಾದರೂ ಮಂಗಳೂರೇ ಗತಿ. ಅದು ಎಷ್ಟು ಅಂದರೆ, 2020ರ ಮಾರ್ಚಿನಲ್ಲಿ ಕೊರೊನಾ ಅಂತ ಕರ್ನಾಟಕದ ಗಡಿಯ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ಇಲ್ಲಿಯವರಿಗೆ ಅರ್ಧ ಮೈಯೇ ಆಚೆ ಉಳಿದ ಹಾಗಾಗಿತ್ತು. ಆ ದಿನ ಆಸ್ಪತ್ರೆಯಲ್ಲಿ ಅಮ್ಮನ ಫಾರ್ಮು ತುಂಬಿಸಲು ಕಾಗದಕ್ಕೆ ಮೂಗು ತಾಗಿಸಿ ಕೂತಿದ್ದೆ. ಒಬ್ಬರು ಡಾಕ್ಟರಮ್ಮ ಹೋಗುತ್ತಾ ಹೋಗುತ್ತಾ ನಿಂತರು. "ನಿಮಗೆ ಇದು ಯಾವಾಗಿನಿಂದ?" ಅಂದರು. ಎಂತದು ಅಂತ ಕೇಳಿದೆ. "ಕಣ್ಣು ಅಲ್ಲಾಡುವುದು." ಪೊರೆಯದ್ದು ಅಮ್ಮನಿಗೆ, ನನಗೇನೂ ಇಲ್ಲ ಅಂದೆ. ಅವರು ಬಿಡಲಿಲ್ಲ.

ಒಂದು ಯಂತ್ರದ ಮುಂದೆ ಗಲ್ಲ ಇಟ್ಟು ಕೂರಿಸಿದರು. ಓಸಿಟಿ ಅಂತ ಹೆಸರು. ಬೆಳಕು ಬಿಟ್ಟು, ಅದು ವಾಪಸ್ ಬರುವುದನ್ನು ಅಳೆದು, ಕಣ್ಣಿನ ಹಿಂದಿನ ಪರದೆಯನ್ನು ಬಾಳೆದಿಂಡು ಅಡ್ಡ ಕೊಯ್ದ ಹಾಗೆ ಪದರ ಪದರವಾಗಿ ತೋರಿಸುತ್ತದೆ, ಮುಟ್ಟದೆ, ನೋಯಿಸದೆ. ಅಮೆರಿಕದ ಎಂಐಟಿಯವರು ಅದರ ಬಗ್ಗೆ ಮೊದಲ ಲೇಖನ ಬರೆದದ್ದು 1991ರಲ್ಲಿ. ಅಂದರೆ ನಾನು ಚಾರ್ಟು ಬಾಯಿಪಾಠ ಹೇಳಿದ ವರ್ಷ. ಶಾಲೆಗೆ ಬಂದ ಆ ಕಣ್ಣಿನವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಕೈಯಲ್ಲಿ ಆಗ ಏನೂ ಇರಲಿಲ್ಲ. ಯಂತ್ರದೊಳಗಿನ ಹಸಿರು ಗುರುತನ್ನೇ ನೋಡಿ, ಕಣ್ಣು ಅಲ್ಲಾಡಿಸಬೇಡಿ ಅಂದರು. ಅದೊಂದು ಬಿಟ್ಟು ಬೇರೆ ಏನು ಹೇಳಿದರೂ ಮಾಡುತ್ತಿದ್ದೆ. ಆರನೇ ಸಲಕ್ಕೆ ಚಿತ್ರ ಬಂತು.

ಡಾಕ್ಟರಮ್ಮ ಪರದೆಯ ಮೇಲೆ ಎರಡು ಚಿತ್ರ ಇಟ್ಟರು. "ಇದು ನಿಮ್ಮ ಅಮ್ಮಂದು. ನಡುವಿನಲ್ಲಿ ಬಟ್ಟಲಿನ ಹಾಗೆ ತಗ್ಗು ಕಾಣ್ತದಲ್ಲ? ಇದು ನಿಮ್ಮದು." ನನ್ನದರಲ್ಲಿ ತಗ್ಗಿಲ್ಲ. ಅಂಗಳಕ್ಕೆ ಸೆಗಣಿ ಸಾರಿಸಿದ ಹಾಗೆ ಸಪಾಟು.

ಅಮ್ಮ ಒಂದು ಕಣ್ಣಿಗೆ ಪಟ್ಟಿ ಹಾಕಿಕೊಂಡೇ ಬಗ್ಗಿ ನೋಡಿದಳು. ನೋಡಿ ಹೇಳಿದಳು, "ಚೆನ್ನೆಮಣೆ ಮಾಡಿದವ ಒಂದು ಗುಳಿ ತೋಡಲು ಮರೆತ ಹಾಗುಂಟಲ್ಲ."

ಚೆನ್ನೆಮಣೆ ಗೊತ್ತಿಲ್ಲದವರಿಗೆ: ಏಳೇಳರ ಎರಡು ಸಾಲು, ಹದಿನಾಲ್ಕು ಗುಳಿಯ ಮರದ ಹಲಗೆ, ಮಂಜೊಟ್ಟಿ ಕಾಯಿ ಹಾಕಿ ಆಡುವುದು. ಆಟಿ ತಿಂಗಳ ಮಳೆಯಲ್ಲಿ ಹೊರಗೆ ಕಾಲಿಡಲಾಗದಾಗ ನಮ್ಮ ಮನೆಯ ಚಾವಡಿಯಲ್ಲಿ ಇದೇ ಕೆಲಸ. ಅಮ್ಮನಷ್ಟು ಚೆನ್ನಾಗಿ ಡಾಕ್ಟರಮ್ಮನಿಗೂ ಹೇಳಲು ಆಗಲಿಲ್ಲ. ಆ ತಗ್ಗಿಗೆ ಫೋವಿಯಾ ಅಂತ ಹೆಸರು, ಲ್ಯಾಟಿನ್ನಿನಲ್ಲಿ ಅದರ ಅರ್ಥವೇ ಗುಳಿ. ನನಗಿರುವುದು ಫೋವಿಯಲ್ ಹೈಪೋಪ್ಲೇಸಿಯಾ, ಗುಳಿ ಪೂರ್ತಿ ಬೆಳೆಯದೆ ಉಳಿದದ್ದು.

ಆ ಗುಳಿಯ ಅಗಲ ಒಂದೂವರೆ ಮಿಲಿಮೀಟರ್, ಅಷ್ಟೇ. ಅದರ ನಟ್ಟನಡುವೆ ಕೋನ್ ಅನ್ನುವ ಕಣಗಳು ಒತ್ತೊತ್ತಾಗಿ ತುಂಬಿರುತ್ತವೆ, ಒಂದು ಚದರ ಮಿಲಿಮೀಟರಿಗೆ ಎರಡು ಲಕ್ಷದ ಆಸುಪಾಸು. ಓದುವುದು, ಸೂಜಿಗೆ ನೂಲು ಹಾಕುವುದು, ಮುಖದ ಗುರುತು ಎಲ್ಲ ಅಲ್ಲಿಯ ಕೆಲಸ. ಕೈ ನೀಟಿ ಹೆಬ್ಬೆರಳಿನ ಉಗುರು ನೋಡಿ. ನಿಮಗೂ ಒಂದು ಹೊತ್ತಿಗೆ ಸ್ಪಷ್ಟವಾಗಿ ಕಾಣುವುದು ಹೆಚ್ಚುಕಮ್ಮಿ ಅಷ್ಟೇ ಜಾಗ. ಕಣ್ಣು ಸರಸರ ಓಡಾಡಿ ಉಳಿದದ್ದನ್ನೂ ತುಂಬಿಸಿಕೊಡುವುದರಿಂದ ನಿಮಗೆ ಎಲ್ಲ ಸ್ಪಷ್ಟ ಅನಿಸುತ್ತದೆ.

ಮಗು ಹೊಟ್ಟೆಯಲ್ಲಿರುವಾಗ ಸುಮಾರು ಇಪ್ಪತ್ತೈದನೇ ವಾರಕ್ಕೆ ಈ ತಗ್ಗು ಮೂಡಲು ಶುರುವಾಗುತ್ತದೆ. ಒಳಗಿನ ಪದರಗಳು ನಡುವಿನಿಂದ ಸುತ್ತಲೂ ಸರಿದು ಜಾಗ ಬಿಡುತ್ತವೆ. ರಕ್ತನಾಳಗಳೂ ಆ ಜಾಗಕ್ಕೆ ಬರುವುದಿಲ್ಲ. ಕೋನುಗಳು ಮಾತ್ರ ಸಪೂರ ಆಗಿ, ಉದ್ದ ಆಗಿ, ನಡುವಿಗೆ ಒತ್ತಿಕೊಂಡು ಬರುತ್ತವೆ. ಹುಟ್ಟುವಾಗ ಈ ಕೆಲಸ ಮುಗಿದಿರುವುದಿಲ್ಲ, ಮಗು ಓಡಾಡುವ ವಯಸ್ಸಿನವರೆಗೂ ನಡೆಯುತ್ತಲೇ ಇರುತ್ತದೆ. ನನ್ನಂಥವರಲ್ಲಿ ಅದು ಎಲ್ಲೋ ದಾರಿಯಲ್ಲಿ ನಿಂತಿತು. ಎಲ್ಲಿ ನಿಂತಿತು ಅನ್ನುವುದರ ಮೇಲೆ ಒಂದರಿಂದ ನಾಲ್ಕು ಗ್ರೇಡ್ ಕೊಡುತ್ತಾರೆ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದವರು 2011ರಲ್ಲಿ ಮಾಡಿದ ಕ್ರಮ ಅದು. ಒಂದನೆಯದರಲ್ಲಿ ಆಳ ಕಮ್ಮಿಯ ಗುಳಿಯಾದರೂ ಇರುತ್ತದೆ. ನಾಲ್ಕಕ್ಕೆ ಬರುವಾಗ ನಡುವಿನ ಜಾಗಕ್ಕೂ ಅಂಚಿಗೂ ವ್ಯತ್ಯಾಸವೇ ಇಲ್ಲ. ನನ್ನದು ಮೂರು. ದೃಷ್ಟಿ 6/24, ಅಂದರೆ ನಿಮಗೆ ಇಪ್ಪತ್ತನಾಲ್ಕು ಮೀಟರ್ ದೂರದಿಂದ ಕಾಣುವುದನ್ನು ನೋಡಲು ನಾನು ಆರು ಮೀಟರಿಗೆ ಬರಬೇಕು.

ಕನ್ನಡಕ ಯಾಕೆ ಸೋತಿತು ಅಂತ ನನಗೆ ಅರ್ಥವಾದದ್ದು ಆ ದಿನ. ಕನ್ನಡಕ ಬೆಳಕನ್ನು ಸರಿಯಾಗಿ ತಂದು ಪರದೆಯ ಮೇಲೆ ಬೀಳಿಸುತ್ತದೆ. ಬಿದ್ದ ಜಾಗದಲ್ಲಿ ಹಿಡಿದುಕೊಳ್ಳುವವರು ಸಾಕಷ್ಟು ಇಲ್ಲದಿದ್ದರೆ ಅದಾದರೂ ಏನು ಮಾಡೀತು? ಹಾಗಂತ ಇಂಥ ಮಕ್ಕಳಿಗೆ ಕನ್ನಡಕ ಬೇಡ ಅಂತಲ್ಲ. ಎಷ್ಟೋ ಮಕ್ಕಳಿಗೆ ಇದರ ಜೊತೆಯಲ್ಲಿ ಕನ್ನಡಕದ ಪವರೂ ಜಾಸ್ತಿ ಇರುತ್ತದೆ, ಅವರು ಹಾಕಲೇಬೇಕು. ಹಾಕಿದ ಮೇಲೆ ಎಲ್ಲ ಸರಿಯಾಗುತ್ತದೆ ಅಂತ ಕಾಯಬಾರದು, ಅಷ್ಟೇ.

ಒಂದು ತಮಾಷೆ ಉಂಟು. ಗುಳಿಯೇ ಎಲ್ಲ ಅಂತಲೂ ಅಲ್ಲವಂತೆ. ಮೈಕೆಲ್ ಮಾರ್ಮರ್ ಅನ್ನುವ ಕಣ್ಣಿನ ಡಾಕ್ಟರು ಮತ್ತವರ ಜೊತೆಯವರು 2008ರಲ್ಲಿ ಬರೆದರು, ಗುಳಿ ಇಲ್ಲದೆಯೂ ತಕ್ಕಮಟ್ಟಿಗೆ ಚೆನ್ನಾಗಿ ಕಾಣುವವರಿದ್ದಾರೆ ಅಂತ. ತಿಂಗಳು ತುಂಬುವ ಮೊದಲೇ ಹುಟ್ಟಿದ ಎಷ್ಟೋ ಮಕ್ಕಳ ಗುಳಿ ಆಳ ಕಮ್ಮಿ, ದೃಷ್ಟಿಗೆ ಅಂಥ ತೊಂದರೆಯಿಲ್ಲ. ಕೋನುಗಳು ಒತ್ತಾಗಿ ಬಂದು ಕೂತಿದ್ದರೆ ಸಾಕು. ಅಂದರೆ ನನ್ನ ಸಮಸ್ಯೆ ಗುಳಿಗಿಂತ ಹೆಚ್ಚು ಕಾಯಿಗಳದ್ದು. ಸಸ್ತನಿಗಳಲ್ಲಿ ಮನುಷ್ಯ ಮತ್ತು ಮಂಗಗಳ ಜಾತಿಗೆ ಬಿಟ್ಟರೆ ಇನ್ನು ಯಾರಿಗೂ ಈ ಗುಳಿ ಇಲ್ಲ. ನಮ್ಮ ಮನೆಯ ಬೆಕ್ಕಿಗೂ ಇಲ್ಲ. ಅದು ಅಟ್ಟದಲ್ಲಿ ಇಲಿ ಹಿಡಿಯುವುದನ್ನು ನೋಡಿದರೆ ಏನೂ ಕೊರತೆ ಕಾಣುವುದಿಲ್ಲ. ಬೆಕ್ಕಿಗೆ ಎಸ್ಸೆಸ್ಸೆಲ್ಸಿ ಬರೆಯಲಿಕ್ಕಿಲ್ಲವಲ್ಲ.

ಡಾಕ್ಟರಮ್ಮ ಕೇಳಿದ ಪ್ರಶ್ನೆಗಳಲ್ಲಿ ಒಂದು, ಅಪ್ಪ ಅಮ್ಮ ಸಂಬಂಧಿಕರಾ ಅಂತ. ಹೌದು, ಅಮ್ಮನಿಗೆ ಅಪ್ಪ ಸೋದರತ್ತೆಯ ಮಗ. ತಂದೆ ತಾಯಿ ಇಬ್ಬರೂ ಒಂದೇ ಹಾಳಾದ ಜೀನಿನ ಒಂದೊಂದು ಪ್ರತಿ ಇಟ್ಟುಕೊಂಡಿದ್ದು ಎರಡೂ ಒಂದೇ ಮಗುವಿಗೆ ಬಂದರೆ ಹೀಗಾಗುವ ಒಂದು ಬಗೆಯಿದೆ. ಅಂಥ ಒಂದು ಜೀನನ್ನು, ಎಸ್‌ಎಲ್‌ಸಿ38ಎ8 ಅಂತ ಹೆಸರು, ಕಂಡುಹಿಡಿದದ್ದೂ 2013ರಲ್ಲೇ. ಪ್ಯಾಕ್ಸ್6 ಅನ್ನುವುದು ಇನ್ನೊಂದು, ಅದರಲ್ಲಿ ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಭಾಗವೂ ಹೆಚ್ಚಾಗಿ ಬೆಳೆದಿರುವುದಿಲ್ಲ. ನಾನು ಜೀನ್ ಪರೀಕ್ಷೆ ಮಾಡಿಸಿಲ್ಲ. ಮಗಳು ಹುಟ್ಟಿದಾಗ ಮೂರು ತಿಂಗಳು ಅವಳ ಕಣ್ಣನ್ನೇ ನೋಡುತ್ತಾ ಕೂತಿದ್ದೆ, ಇಷ್ಟು ಹತ್ತಿರದಿಂದ. ಅವಳದು ನಿಂತೇ ಇತ್ತು.

ಈ ತೊಂದರೆ ತುಂಬ ಜನರಲ್ಲಿ ಕಾಣುವುದು ಆಲ್ಬಿನಿಸಂ ಜೊತೆಗೆ. ಅದನ್ನು ಕೇಳಿದಾಗ ಶಾಲೆಯ ಒಬ್ಬ ಹುಡುಗ ನೆನಪಾದ. ನನಗಿಂತ ಎರಡು ಕ್ಲಾಸು ಕೆಳಗೆ. ತಲೆಗೂದಲು, ರೆಪ್ಪೆ ಎಲ್ಲ ಬೆಳ್ಳಗೆ, ಬಿಸಿಲಿಗೆ ಕಣ್ಣು ಬಿಡಲಾಗದೆ ಕೈ ಅಡ್ಡ ಹಿಡಿದು ನಡೆಯುತ್ತಿದ್ದ. ಅವನ ಕಣ್ಣೂ ಅಲ್ಲಾಡುತ್ತಿತ್ತು. ಮಕ್ಕಳು ಅವನನ್ನು ಗೇಲಿ ಮಾಡುವಾಗ ನಾನೂ ಸೇರಿಕೊಂಡದ್ದುಂಟು. ಒಂದೇ ಗುಳಿ ಇಲ್ಲದ ಇಬ್ಬರು ಹುಡುಗರು ಒಂದೇ ಶಾಲೆಯಲ್ಲಿದ್ದೆವು, ಇಬ್ಬರೂ ಮೊದಲ ಬೆಂಚು, ಇಬ್ಬರೂ ತಲೆ ಓರೆ. ಅವನ ಬಣ್ಣದ ಗಲಾಟೆಯಲ್ಲಿ ಅವನ ಕಣ್ಣು ಯಾರಿಗೂ ಕಾಣಲಿಲ್ಲ, ನನಗೆ ಬಣ್ಣ ಇದ್ದದ್ದರಿಂದ ನನ್ನದೂ ಕಾಣಲಿಲ್ಲ.

ಆಸ್ಪತ್ರೆಯಿಂದ ವಾಪಸ್ ಬರುವ ಬಸ್ಸಿನಲ್ಲಿ ಅಮ್ಮ ತಲಪಾಡಿಯವರೆಗೆ ಮಾತಾಡಲಿಲ್ಲ. ಆಮೇಲೆ ಕೇಳಿದಳು, "ಬಸುರಿಯಿರುವಾಗ ನಾನು ಎಂತಾದರೂ ತಿಂದದ್ದರಿಂದ ಆದದ್ದಾ?" ಅಲ್ಲ ಅಂತ ಡಾಕ್ಟರಮ್ಮ ಹೇಳಿದ್ದನ್ನೇ ಹೇಳಿದೆ. ಉಪ್ಪಳ ದಾಟಿತು. "ಪುಸ್ತಕ ಹತ್ತಿರ ಹಿಡಿದದ್ದಕ್ಕೆ ಹೊಡೆದಿದ್ದೆನಲ್ಲ ನಿನಗೆ" ಅಂದಳು. ನಾನು ನಗಿಸಲು "ಒಂದು ಸಲವಾ ಎರಡು ಸಲವಾ" ಅಂದೆ. ಅವಳು ನಗಲಿಲ್ಲ. ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ನೋಡಿದರೆ ಹಲಸಿನ ಹಣ್ಣಿನ ಕಡುಬು. ಬೇಜಾರಾದರೆ ಅವಳು ಮಾತಾಡುವುದು ಹೀಗೆ.

ಹೆಸರು ಸಿಕ್ಕಿದ್ದರಿಂದ ಕಣ್ಣಿಗೆ ಏನೂ ಆಗಲಿಲ್ಲ. ಇದಕ್ಕೆ ಆಪರೇಷನ್ ಇಲ್ಲ, ಮಾತ್ರೆಯಿಲ್ಲ. ಜಾಸ್ತಿಯೂ ಆಗುವುದಿಲ್ಲ, ಇದ್ದ ಹಾಗೆ ಇರುತ್ತದೆ. ಆದರೆ ನಾನು ನೋಡದ್ದರಿಂದ ಕಾಣದ್ದು ಅಂತ ಮಾತ್ರ ಆ ಮೇಲೆ ಮನೆಯಲ್ಲಿ ಯಾರೂ ಹೇಳಿಲ್ಲ. ಸಿಟ್ಟು ಬರುವುದು ಬೇರೆ ವಿಷಯಕ್ಕೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ಎರಡರಲ್ಲಿ ಹೆಚ್ಚು ಚೆನ್ನಾಗಿ ಕಾಣುವ ಕಣ್ಣಿನಲ್ಲಿ, ಸರಿಯಾದ ಕನ್ನಡಕ ಹಾಕಿದ ಮೇಲೂ ದೃಷ್ಟಿ 6/18ಕ್ಕಿಂತ ಕಮ್ಮಿ ಇದ್ದರೆ ಅದನ್ನು ಮಂದದೃಷ್ಟಿ ಅನ್ನುತ್ತದೆ. ಕನ್ನಡಕ ಹಾಕಿದ ಮೇಲೂ ಅನ್ನುವ ಆ ಮಾತು ಕಾನೂನಿಗೆ ಗೊತ್ತಿರುವಷ್ಟು ನಮ್ಮ ಶಾಲೆಗಳಿಗೆ ಗೊತ್ತಿಲ್ಲ. ಸರ್ಟಿಫಿಕೇಟ್ ಪ್ರಕಾರ ಅರ್ಹರಾದ ಮಕ್ಕಳಿಗೆ ಪರೀಕ್ಷೆಯಲ್ಲಿ ಗಂಟೆಗೆ ಇಪ್ಪತ್ತು ನಿಮಿಷ ಹೆಚ್ಚು ಕೊಡಬೇಕು. ನನಗೆ ಎಸ್ಸೆಸ್ಸೆಲ್ಸಿಯಲ್ಲಿ ಸಮಾಜದ ಕೊನೆಯ ಎರಡು ಪ್ರಶ್ನೆ ಓದುವುದಕ್ಕೇ ಸಮಯ ಸಿಕ್ಕಿರಲಿಲ್ಲ. ನಿಮ್ಮ ಮನೆಯ ಮಗು ಟಿವಿಗೆ ಅಂಟಿ ಕೂರುತ್ತದೆ, ತಲೆ ಒಂದೇ ಕಡೆಗೆ ಓರೆ ಮಾಡುತ್ತದೆ, ಕಣ್ಣು ಸುಮ್ನೆ ನಿಲ್ಲುವುದಿಲ್ಲ ಅಂತಾದರೆ ಕನ್ನಡಕದ ಅಂಗಡಿಯಲ್ಲಿ ನಿಲ್ಲಬೇಡಿ, ರೆಟಿನಾ ನೋಡುವ ಡಾಕ್ಟರ ಹತ್ತಿರ ಹೋಗಿ. ಸೌಟು ಕೆಳಗಿಡಿ.

ಎಲ್ಲ ನಷ್ಟವೇ ಅಂತ ತಿಳಿಯಬೇಡಿ. ನನ್ನ ಕಣ್ಣಂಚಿನ ನೋಟ ನಿಮ್ಮಷ್ಟೇ ಉಂಟು. ತೋಟದ ಸಂಕದ ಮೇಲೆ, ಒಂದೇ ಅಡಿಕೆಮರದ ಕಾಲುಸೇತುವೆ ಅದು, ತಲೆಯಲ್ಲಿ ಹುಲ್ಲಿನ ಕಟ್ಟು ಇಟ್ಟುಕೊಂಡು ದಾಟುತ್ತೇನೆ. ಬಯಲಾಟ ನೋಡಲು ಹೋದರೆ ರಂಗಸ್ಥಳದ ಎದುರು ನೆಲದಲ್ಲೇ ಕೂರುವುದು. ಬಣ್ಣಗಾರಿಕೆಯ ಸಣ್ಣ ಗೆರೆ ಕಾಣುವುದಿಲ್ಲ, ಆದರೆ ಕಿರೀಟದ ಆಕಾರ, ಕಾಲು ಹಾಕುವ ಠೀವಿ ನೋಡಿದರೆ ವೇಷ ಯಾರದ್ದು ಅಂತ ಹೇಳುತ್ತೇನೆ. ಆಟ ಮುಗಿಸಿ ಟಾರ್ಚಿಲ್ಲದೆ ಗುಡ್ಡದ ದಾರಿಯಲ್ಲಿ ಬರುವಾಗ ಮುಂದೆ ನಡೆಯುವವ ನಾನೇ. ಅದಕ್ಕೂ ಕಾರಣ ಉಂಟು. ಆ ಗುಳಿಯ ನಡುವೆ ಬರೀ ಕೋನುಗಳು, ಮಂದ ಬೆಳಕಿಗೆ ಬೇಕಾದ ಕಣಗಳು ಅಲ್ಲಿ ಇರುವುದೇ ಇಲ್ಲ. ನಕ್ಷತ್ರದ ಬೆಳಕಿನಲ್ಲಿ ಎಲ್ಲರೂ ನೋಡುವುದು ಅಂಚಿನಿಂದ. ಮಸುಕು ನಕ್ಷತ್ರವನ್ನು ನೆಟ್ಟಗೆ ನೋಡಿದರೆ ಮಾಯವಾಗುತ್ತದೆ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಕಾಣುತ್ತದೆ, ಇವತ್ತು ರಾತ್ರಿ ನೋಡಿ ಬೇಕಾದರೆ. ಕತ್ತಲಲ್ಲಿ ನಿಮಗೂ ನಡುವಿನ ಗುಳಿಯಿಂದ ಉಪಕಾರವಿಲ್ಲ. ನನಗೆ ಅಭ್ಯಾಸ ಉಂಟು, ನಿಮಗಿಲ್ಲ.

ಇನ್ನು ಚಾಳೀಸು. ಹತ್ತಿರ ಹಿಡಿದು ಓದಬೇಕಾದರೆ ಕಣ್ಣಿನ ಮಸೂರ ಉಬ್ಬಬೇಕು. ಚಿಕ್ಕ ಮಕ್ಕಳಿಗೆ ಅದು ರಬ್ಬರಿನ ಹಾಗೆ, ನಾಲ್ಕು ಬೆರಳು ದೂರಕ್ಕೂ ಬಗ್ಗುತ್ತದೆ. ನಲವತ್ತಾಗುವಾಗ ಗಟ್ಟಿಯಾಗುತ್ತದೆ. ಬೇರೆಯವರು ಪೇಪರನ್ನು ದೂರ ಹಿಡಿದು ದಿನ ದೂಡುತ್ತಾರೆ. ನನಗೆ ದೂರ ಹಿಡಿದರೆ ಅಕ್ಷರ ಸಣ್ಣ, ಹತ್ತಿರ ಹಿಡಿದರೆ ಮಸುಕು. ಎರಡು ವರ್ಷದಿಂದ ಯಾರಿಗೂ ಹೇಳದೆ ಹೆದರುತ್ತಿದ್ದೆ, ಇದ್ದದ್ದೂ ಹೋಗ್ತಾ ಉಂಟು ಅಂತ. ಕೊನೆಗೆ ನೋಡಿದರೆ ಊರಿಗೆಲ್ಲ ಬರುವ ಚಾಳೀಸು. ಸಾಮಾನ್ಯವಾಗಿ ಕೊಡುವುದಕ್ಕಿಂತ ಜಾಸ್ತಿ ಪವರಿನ ಗ್ಲಾಸು ಹಾಕಿಸಿಕೊಂಡೆ. ಈಗ ಒತ್ತಕ್ಷರದ ಕೊಂಡಿ ಕೂಡ ಕಾಣುತ್ತದೆ.

ಅಮ್ಮನಿಗೆ ಈಗ ಎಪ್ಪತ್ತು. ಎರಡೂ ಕಣ್ಣಿನ ಪೊರೆ ತೆಗೆಸಿದ್ದಾಳೆ, ಜಗಲಿಯಲ್ಲಿ ಕೂತು ಇಡೀ ಬಯಲಿನ ವರದಿ ಕೊಡುತ್ತಾಳೆ. ಅಂಗಳದಲ್ಲಿ ಅಡಿಕೆ ಮಗುಚುತ್ತಿರುವ ನನಗೆ ಮೆಲ್ಲಗೆ ಸೂಚನೆ ಬರುತ್ತದೆ. ಮೊನ್ನೆ ಭಾನುವಾರ, ಸಂಕದ ಹತ್ತಿರ ಒಂದು ಬಿಳಿ ಅಂಗಿ ಅಲ್ಲಾಡಿತು.

"ನಿನ್ನ ಮಾವ ಬರ್ತಾ ಇದ್ದಾನೆ. ನಗು."

ನಕ್ಕೆ. ಕೈಯನ್ನೂ ಎತ್ತಿದೆ, ಮಾವ ತಾನೆ. ಬಿಳಿ ಅಂಗಿ ಅಂಗಳದವರೆಗೆ ಬಂತು. ಮಾವ ಅಲ್ಲ, ಯಾರದೋ ಮನೆಯ ದಾರಿ ಕೇಳಲು ಬಂದ ಅಪರಿಚಿತ. ಅವನೂ ಬಾಯಿ ತುಂಬ ನಗುತ್ತಿದ್ದ. ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡು, "ನಡೆಯುವುದು ಅವನ ಹಾಗೇ ಇತ್ತು ಮಾರಾಯ" ಅಂದಳು.